ಮನುಷ್ಯನ ಹುಟ್ಟಿನ ಚರ್ಚೆಗೆ ಕೂರುವ ಮೊದಲು ಪದಗಳನ್ನು ಬಿಡಿಸಿಕೊಳ್ಳುವುದು ಹೇಗೆ

“ಮಂಗನಿಂದ ಮನುಷ್ಯ ಬಂದಿದ್ದರೆ ಈಗಿನ ಮಂಗಗಳು ಏಕೆ ಮನುಷ್ಯರಾಗುತ್ತಿಲ್ಲ?” “ವಿಜ್ಞಾನಿಗಳೇ ಹವ್ವಳನ್ನು ಕಂಡುಹಿಡಿದಿದ್ದಾರಂತೆ, ಹೌದೇ?” “ದಶಾವತಾರವೇ ವಿಕಾಸವಾದವಲ್ಲವೇ?” ಉಡುಪಿ ಮತ್ತು ಮಂಗಳೂರು ಕಡೆಯ ಓದುಗರು ನನಗೆ ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಈ ಮೂರಕ್ಕೇ ಬಂದು ನಿಲ್ಲುತ್ತವೆ. ಕೇಳುವವರಲ್ಲಿ ಮಠದ ಪಾಠಶಾಲೆಯಲ್ಲಿ ಓದಿದವರಿದ್ದಾರೆ, ಇಗರ್ಜಿಯ ಯುವಕೂಟದವರಿದ್ದಾರೆ, ಮದ್ರಸದಲ್ಲಿ ಕಲಿಸುವವರಿದ್ದಾರೆ, ವಿಜ್ಞಾನದ ಪರವಾಗಿ ಹುರುಪಿನಿಂದ ವಾದಿಸುವ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. ಇವರ ನಡುವಿನ ಜಗಳವನ್ನು ಹತ್ತಿರದಿಂದ ಗಮನಿಸಿದಾಗ ನನಗೆ ಖಚಿತವಾದದ್ದೇನೆಂದರೆ, ಅದರ ಬಹುಪಾಲು ಪದಗಳಿಂದ ಹುಟ್ಟಿದ್ದು. ಬೇರೆ ಭಾಷೆಯಲ್ಲಿ ಹುಟ್ಟಿದ ಪಾರಿಭಾಷಿಕ ಪದಕ್ಕೆ ಸಮನಾಗಿ ಒಂದು ಸಂಸ್ಕೃತ ಪದವನ್ನು ನಾವು ಕನ್ನಡದಲ್ಲಿ ಇಟ್ಟುಕೊಂಡಿದ್ದೇವೆ. ಆ ಸಂಸ್ಕೃತ ಪದಕ್ಕೆ ನಮ್ಮ ಮನೆ, ಗುಡಿ, ತರಗತಿಗಳಲ್ಲಿ ಮೊದಲೇ ಬೇರೊಂದು ಅರ್ಥವಿದೆ. ಹೇಳುವವರು ಒಂದನ್ನು ಹೇಳುತ್ತಾರೆ, ಕೇಳುವವರಿಗೆ ಇನ್ನೊಂದು ಕೇಳಿಸುತ್ತದೆ. ಈ ತೊಡಕನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ನೀವು ಯಾವ ಪಕ್ಷದವರಾದರೂ ಇದು ನಿಮಗೆ ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಬೇಕಾದ ಸಿದ್ಧತೆ

ಒಂದು ಬರೆಯುವ ಪುಸ್ತಕ ಇಟ್ಟುಕೊಳ್ಳಿ. ಪುಟದಲ್ಲಿ ಮೂರು ಅಂಕಣ ಎಳೆದು, ಮೊದಲನೆಯದರಲ್ಲಿ ಪದವನ್ನೂ ಎರಡನೆಯದರಲ್ಲಿ ಜೀವಶಾಸ್ತ್ರದಲ್ಲಿ ಅದಕ್ಕಿರುವ ಅರ್ಥವನ್ನೂ ಮೂರನೆಯದರಲ್ಲಿ ಎದುರಿನವರಿಗೆ ಅದು ಕೇಳಿಸಿದ ಅರ್ಥವನ್ನೂ ಬರೆಯಿರಿ. ಕೊನೆಯ ಕೆಲವು ಹಾಳೆಗಳನ್ನು ಖಾಲಿ ಬಿಡಿ; ಅವುಗಳ ಉಪಯೋಗ ಕೊನೆಯ ಹಂತದಲ್ಲಿ ಬರುತ್ತದೆ. ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪಠ್ಯಪುಸ್ತಕ ಕೈಯಲ್ಲಿದ್ದರೆ ಒಳ್ಳೆಯದು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ 2023ರಲ್ಲಿ ವಿಕಾಸದ ಭಾಗವನ್ನು ತೆಗೆಯಲಾಗಿದೆ. ಆದ್ದರಿಂದ ಆ ಪಠ್ಯಕ್ರಮದಲ್ಲಿ ಓದಿದ ಮಕ್ಕಳಿಗೆ ಈ ಪದಗಳು ಚರ್ಚೆಯಲ್ಲೇ ಮೊದಲ ಸಲ ಕಿವಿಗೆ ಬೀಳುತ್ತಿರಬಹುದು ಎಂಬುದನ್ನು ಮರೆಯಬೇಡಿ.

ಹಂತ 1: ನೀವು ಕೂತಿರುವುದು ಯಾವ ಕಥೆಗೆ ಎಂದು ತೀರ್ಮಾನಿಸಿ

ನಮ್ಮ ನ್ಯಾಯಶಾಸ್ತ್ರ ಚರ್ಚೆಯನ್ನು ‘ಕಥೆ’ ಎಂದು ಕರೆದು ಅದರಲ್ಲಿ ಮೂರು ಬಗೆಗಳನ್ನು ಗುರುತಿಸುತ್ತದೆ. ಸತ್ಯವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ, ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ, ತನ್ನದೇ ಪಕ್ಷವೊಂದನ್ನು ಮಂಡಿಸದೆ ಎದುರಿನವರದನ್ನು ಕೆಡಹುವುದಷ್ಟೇ ಗುರಿಯಾದದ್ದು ವಿತಂಡ. ಪದಗಳನ್ನು ಬಿಡಿಸಿಕೊಳ್ಳುವ ಕೆಲಸ ವಾದದಲ್ಲಿ ಮಾತ್ರ ಸಾಧ್ಯ. ಆದ್ದರಿಂದ ಆರಂಭದಲ್ಲೇ “ನಾವು ಬಳಸುವ ಪದಗಳ ಅರ್ಥವನ್ನು ಮೊದಲು ಒಪ್ಪಿಕೊಳ್ಳೋಣವೇ?” ಎಂದು ಕೇಳಿ. ಎದುರಿನವರು ಇದಕ್ಕೂ ಒಪ್ಪದಿದ್ದರೆ ಆ ದಿನ ಚರ್ಚೆಗೆ ಇಳಿಯದಿರುವುದೇ ಲೇಸು.

ಹಂತ 2: ‘ಮಂಗ’ ಎಂಬ ಪದವನ್ನು ಕೈಬಿಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ನಿಧಾನವಾಗಿ ಓದಿ.

ಕರಾವಳಿಯ ತೋಟಗಳಲ್ಲಿ ಎಳನೀರಿನ ಬೊಂಡ ಕೊರೆದು ಹಾಕುವ ಮಂಗ, ಕಪ್ಪು ಮುಖದ ಮುಸುವ, ಸೋಮೇಶ್ವರ ವನ್ಯಧಾಮದ ಕಾಡಿನಲ್ಲಿರುವ ಸಿಂಗಳೀಕ: ಇವು ಮೂರೂ ಬಾಲವಿರುವ ಮಂಗಗಳು. ಚಿಂಪಾಂಜಿ, ಗೊರಿಲ್ಲ, ಒರಾಂಗುಟಾನ್, ಗಿಬ್ಬನ್ ಇವುಗಳಿಗೆ ಬಾಲವಿಲ್ಲ. ಎದೆಯ ಆಕಾರ, ಭುಜದ ಕೀಲು, ಮೆದುಳಿನ ಗಾತ್ರ ಎಲ್ಲವೂ ಮಂಗಗಳಿಗಿಂತ ಭಿನ್ನ. ಇಂಗ್ಲಿಷಿನಲ್ಲಿ ಈ ಎರಡು ಗುಂಪುಗಳಿಗೆ ಎರಡು ಬೇರೆ ಹೆಸರುಗಳಿವೆ. ಕನ್ನಡದಲ್ಲಿ ಎರಡನೆಯ ಗುಂಪಿಗೆ ಜನರ ಬಾಯಲ್ಲಿ ಹುಟ್ಟಿದ ಹೆಸರಿಲ್ಲ, ಏಕೆಂದರೆ ಕನ್ನಡ ನಾಡಿನ ಕಾಡುಗಳಲ್ಲಿ ಆ ಗುಂಪಿನ ಪ್ರಾಣಿಗಳೇ ಇಲ್ಲ. ಇಡೀ ಭಾರತದಲ್ಲಿ ಆ ಗುಂಪಿಗೆ ಸೇರಿದ್ದು ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಒಂದೇ. ಕಾಣದ ಪ್ರಾಣಿಗೆ ಜನರು ಹೆಸರಿಡಲಿಲ್ಲ, ಹೆಸರಿಲ್ಲದ ಕಾರಣ ಅನುವಾದಕರು ಅದನ್ನೂ ‘ಮಂಗ’ ಎಂದರು, ‘ಮಂಗನಿಂದ ಮಾನವ’ ಎಂಬ ಮಾತು ಶಾಲೆಯಿಂದ ಶಾಲೆಗೆ ಹಬ್ಬಿತು.

ಇದರ ಮೇಲೆ ‘ಮಂಗ’ ಎಂಬುದು ನಮ್ಮಲ್ಲಿ ಬೈಗುಳವೂ ಹೌದು. ಮೋಸ ಹೋದವನು “ನನ್ನನ್ನು ಮಂಗ ಮಾಡಿದರು” ಎನ್ನುತ್ತಾನೆ. ಹೀಗಿರುವಾಗ ವಯಸ್ಸಾದವರೊಬ್ಬರ ಮುಂದೆ “ನಿಮ್ಮ ಪೂರ್ವಜರು ಮಂಗಗಳು” ಎಂದರೆ ಅವರ ಕಿವಿಯಲ್ಲಿ ಅದು ಜೀವಶಾಸ್ತ್ರದ ಹೇಳಿಕೆಯಾಗಿ ಉಳಿಯುವುದಿಲ್ಲ.

ಇದನ್ನು ತಪ್ಪಿಸಲು ಕೆಲವರು ‘ವಾನರ’ ಎಂದು ಬರೆಯುತ್ತಾರೆ. ಅಲ್ಲಿ ಇನ್ನೊಂದು ಎಡರಿದೆ. ರಾಮಾಯಣವನ್ನು ಯಕ್ಷಗಾನದ ರಂಗದಲ್ಲೂ ತಾಳಮದ್ದಳೆಯ ಅರ್ಥದಲ್ಲೂ ಕೇಳುತ್ತ ಬೆಳೆದ ನಮ್ಮ ಜಿಲ್ಲೆಗಳಲ್ಲಿ ವಾನರ ಎಂದೊಡನೆ ಕಣ್ಣ ಮುಂದೆ ಬರುವವರು ಹನುಮಂತ, ಸುಗ್ರೀವ, ವಾಲಿ. ಪಠ್ಯದ ‘ವಾನರ’ ಮತ್ತು ರಾಮಾಯಣದ ‘ವಾನರ’ ಒಂದೇ ಎಂದು ಒಬ್ಬರು ಸಂತೋಷದಿಂದ ಹೇಳುತ್ತಾರೆ, ಹನುಮಂತನಿಗೆ ಅವಮಾನವಾಯಿತೆಂದು ಇನ್ನೊಬ್ಬರು ನೋಯುತ್ತಾರೆ. ಎರಡೂ ಹುಟ್ಟಿದ್ದು ಅನುವಾದಕನ ಒಂದು ಆಯ್ಕೆಯಿಂದ.

ಆದ್ದರಿಂದ ನನ್ನ ಸಲಹೆ ಇಷ್ಟು: ಸಾಧ್ಯವಾದಷ್ಟು ಮಟ್ಟಿಗೆ ಪ್ರಾಣಿಯ ಹೆಸರನ್ನೇ ಹೇಳಿ. ಗುಂಪಿನ ಹೆಸರು ಬೇಕೇ ಬೇಕಾದಾಗ ‘ಬಾಲವಿಲ್ಲದ ಕಪಿ’ ಎಂದು ಹೇಳಿ, ಅದರ ಅರ್ಥವನ್ನು ಅಲ್ಲೇ ವಿವರಿಸಿ. ಮಂಗ, ಬಾಲವಿಲ್ಲದ ಕಪಿ, ಮನುಷ್ಯ, ಜೊತೆಗೆ ನಮ್ಮ ಕಾಡಿನ ಕಾಡುಪಾಪ ಇವೆಲ್ಲವನ್ನೂ ಒಳಗೊಂಡ ದೊಡ್ಡ ಗಣಕ್ಕೆ ‘ಪ್ರೈಮೇಟ್’ ಎಂಬ ಪದವನ್ನು ಹಾಗೆಯೇ ಬಳಸಬಹುದು. ಮನುಷ್ಯನನ್ನು ಈ ಗಣದಲ್ಲಿ ಇಟ್ಟದ್ದು ಡಾರ್ವಿನ್ ಅಲ್ಲ. 1758ರಲ್ಲಿ, ಡಾರ್ವಿನ್ನನ ಕೃತಿ ಪ್ರಕಟವಾಗುವುದಕ್ಕೆ 101 ವರ್ಷ ಮೊದಲೇ, ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ಹಾಗೆ ವರ್ಗೀಕರಿಸಿದ್ದ. ಅವನು ಸೃಷ್ಟಿಕರ್ತನನ್ನು ದೃಢವಾಗಿ ನಂಬಿದ್ದ ಕ್ರೈಸ್ತ. ದೇಹರಚನೆಯ ಹೋಲಿಕೆಯನ್ನು ಒಪ್ಪುವುದು ಒಂದು ವಿಷಯ, ಆ ಹೋಲಿಕೆಗೆ ಕಾರಣವೇನೆಂದು ಹೇಳುವುದು ಇನ್ನೊಂದು ವಿಷಯ ಎಂದು ತೋರಿಸಲು ಈ ಉದಾಹರಣೆ ಚೆನ್ನಾಗಿ ಒದಗುತ್ತದೆ.

ಎಚ್ಚರಿಕೆ: “ನಾವು ಕಪಿಗಳ ಗುಂಪಿಗೆ ಸೇರಿಲ್ಲ, ಅದು ವಿರೋಧಿಗಳು ಕಟ್ಟಿದ ಮಾತು” ಎಂದು ನುಣುಚಿಕೊಳ್ಳಬೇಡಿ. ಜೀವಶಾಸ್ತ್ರದ ಇಂದಿನ ವರ್ಗೀಕರಣದಲ್ಲಿ ಮನುಷ್ಯನು ಬಾಲವಿಲ್ಲದ ಕಪಿಗಳ ಗುಂಪಿನಲ್ಲೇ ಇದ್ದಾನೆ. ಪದವನ್ನು ಮೃದುಮಾಡುವ ಭರದಲ್ಲಿ ಹೇಳಿಕೆಯನ್ನೇ ಬದಲಿಸಿದರೆ ನೀವು ಸುಳ್ಳು ಹೇಳಿದಂತಾಗುತ್ತದೆ.

ಹಂತ 3: ‘ಸಾಮಾನ್ಯ ಪೂರ್ವಜ’ ಎನ್ನುವ ಬದಲು ತರವಾಡು ಮನೆಯನ್ನು ನೆನೆಯಿರಿ

ಪಠ್ಯಪುಸ್ತಕಗಳಲ್ಲಿ ‘ಸಾಮಾನ್ಯ ಪೂರ್ವಜ’ ಎಂಬ ಪದವಿದೆ. ಇಬ್ಬರಿಗೂ ಹಂಚಿಕೆಯಾದ, ಇಬ್ಬರ ವಂಶವೂ ಯಾವುದರಿಂದ ಕವಲೊಡೆಯಿತೋ ಆ ಜೀವಿ ಎಂಬುದು ಅದರ ಅರ್ಥ. ಆದರೆ ಆಡುಮಾತಿನಲ್ಲಿ ಸಾಮಾನ್ಯ ಎಂದರೆ ಹೆಚ್ಚಿನ ವಿಶೇಷವೇನಿಲ್ಲದ, ಮಾಮೂಲಿಯಾದ ಎಂದರ್ಥ. ನಾನೂ ಹಲವು ವರ್ಷ ಈ ಪದವನ್ನು ವಿವರಿಸದೆ ಬಳಸಿದ್ದೇನೆ. ಕೇಳುಗರು ಅದನ್ನು ‘ಸಾಧಾರಣ ಪೂರ್ವಜ’ ಎಂದು ಬರೆದುಕೊಂಡದ್ದನ್ನು ನೋಡಿದ ಮೇಲೆ ಬಿಟ್ಟಿದ್ದೇನೆ. ‘ಇಬ್ಬರಿಗೂ ಒಂದೇ ಆದ ಪೂರ್ವಜ’ ಎನ್ನಿ. ಎರಡು ಪದ ಹೆಚ್ಚಾದರೂ ಚಿಂತೆಯಿಲ್ಲ.

ಈಗಿನ ಮಂಗಗಳು ಏಕೆ ಮನುಷ್ಯರಾಗುತ್ತಿಲ್ಲ ಎಂಬ ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ಒಂದು ತರವಾಡು ಮನೆಯಿಂದ, ಅಂದರೆ ಕುಟುಂಬದ ಮೂಲಮನೆಯಿಂದ, ಎರಡು ಕವಲುಗಳು ಹೊರಟು, ಒಂದು ಕಾರ್ಕಳದಲ್ಲಿಯೂ ಇನ್ನೊಂದು ಸುರತ್ಕಲ್‌ನಲ್ಲಿಯೂ ನೆಲಸಿದವು ಎಂದಿಟ್ಟುಕೊಳ್ಳಿ. ಸುರತ್ಕಲ್‌ನವರು ಕಾರ್ಕಳದವರಿಂದ ಹುಟ್ಟಿದವರಲ್ಲ, ಕಾರ್ಕಳದವರು ಸುರತ್ಕಲ್‌ನವರಾಗುವ ದಾರಿಯಲ್ಲೂ ಇಲ್ಲ. “ನೀವು ಸುರತ್ಕಲ್‌ನಲ್ಲಿ ಇದ್ದೀರಲ್ಲ, ಹಾಗಾದರೆ ಕಾರ್ಕಳದ ದೊಡ್ಡಮ್ಮನ ಮಕ್ಕಳು ಇನ್ನೂ ಏಕೆ ಇದ್ದಾರೆ?” ಎಂದು ಯಾರೂ ಕೇಳುವುದಿಲ್ಲ. ಚಿಂಪಾಂಜಿಗೂ ನಮಗೂ ಒಂದೇ ಆದ ಪೂರ್ವಜರು ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ ಬದುಕಿದ್ದರು. ಅವರು ಇಂದಿನ ಚಿಂಪಾಂಜಿಗಳೂ ಅಲ್ಲ, ಇಂದಿನ ಮನುಷ್ಯರೂ ಅಲ್ಲ. ತೋಟಕ್ಕೆ ಬರುವ ಮಂಗದ ಕವಲು ನಮ್ಮಿಂದ ಬೇರೆಯಾದದ್ದು ಅದಕ್ಕಿಂತ ಬಹಳ ಹಿಂದೆ, ಎರಡೂವರೆ ಮೂರು ಕೋಟಿ ವರ್ಷಗಳ ಆಚೆ.

ಹಂತ 4: ವಿಕಾಸ, ಆಯ್ಕೆ, ಆಕಸ್ಮಿಕ ಎಂಬ ಮೂರು ಪದಗಳ ಹಳೆಯ ಅರ್ಥವನ್ನು ಕಳಚಿ

ವಿಕಾಸ ಎಂದರೆ ಸಂಸ್ಕೃತದಲ್ಲಿ ಅರಳುವುದು, ಹಿಂದಿಯಲ್ಲಿ ಅಭಿವೃದ್ಧಿ. ಎರಡು ಅರ್ಥಗಳಲ್ಲೂ ಕಡಿಮೆಯಿಂದ ಹೆಚ್ಚಿಗೆ, ಕೀಳಿನಿಂದ ಮೇಲಕ್ಕೆ ಎಂಬ ಭಾವವಿದೆ. ಜೀವಶಾಸ್ತ್ರದ ವಿಕಾಸದಲ್ಲಿ ಅದಿಲ್ಲ. ಒಂದು ಜೀವಿಸಮೂಹದಲ್ಲಿ ಆನುವಂಶಿಕ ಲಕ್ಷಣಗಳ ಪ್ರಮಾಣ ತಲೆಮಾರುಗಳ ಉದ್ದಕ್ಕೂ ಬದಲಾಗುವುದಕ್ಕೆ ಆ ಹೆಸರು. 1965ರಲ್ಲಿ ರುಡಾಲ್ಫ್ ಜಾಲಿಂಗರ್ ಬಿಡಿಸಿದ, ಬಾಗಿದ ಪ್ರಾಣಿಯೊಂದು ಸಾಲಾಗಿ ನೆಟ್ಟಗಾಗುತ್ತ ಮನುಷ್ಯನಾಗುವಂತೆ ಕಾಣುವ ಚಿತ್ರ ಈ ತಪ್ಪನ್ನು ಲೋಕವೆಲ್ಲ ಹರಡಿತು. ಅದರ ಅನುಕರಣೆಗಳು ನಮ್ಮ ಶಾಲೆಗಳ ಗೋಡೆಗಳ ಮೇಲೂ ಇವೆ. ಇಂಡೊನೇಷ್ಯದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ಸಿಕ್ಕ ಗಿಡ್ಡ ಮಾನವಪ್ರಭೇದದ ಮೆದುಳು ನಮ್ಮದರ ಮೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕದು, ಆದರೂ ಅದು ಸುಮಾರು 50 ಸಾವಿರ ವರ್ಷಗಳ ಹಿಂದಿನವರೆಗೆ ಬದುಕಿತ್ತು. ನಿಯಾಂಡರ್ತಲ್ ಮಾನವರ ಮೆದುಳು ನಮ್ಮದಕ್ಕಿಂತ ಚಿಕ್ಕದೇನೂ ಆಗಿರಲಿಲ್ಲ, ಆದರೂ ಅವರು ಅಳಿದರು. ಇದು ಏಣಿ ಹತ್ತುವ ಲೆಕ್ಕವಲ್ಲ.

ದಶಾವತಾರದ ಹೋಲಿಕೆ ಎಡವುವುದು ಇಲ್ಲಿಯೇ. ಮೀನು, ಆಮೆ, ಹಂದಿ, ನರಸಿಂಹ, ವಾಮನ ಎಂಬ ಕ್ರಮವನ್ನು ವಿಕಾಸಕ್ಕೆ ಹೋಲಿಸುವ ಮಾತು ನಮ್ಮ ಪ್ರಾಚೀನ ವ್ಯಾಖ್ಯಾನಕಾರರದ್ದಲ್ಲ. ಅದು ಹರಡಿದ್ದು 19ನೆಯ ಶತಮಾನದ ಕೊನೆಯಲ್ಲಿ, ಥಿಯಾಸಫಿ ಎಂಬ ಪಂಥದ ಹೆಲೆನಾ ಬ್ಲಾವಾಟ್ಸ್ಕಿ 1877ರಲ್ಲಿ ಅದನ್ನು ಬರೆದ ಮೇಲೆ. ಅವತಾರ ಎಂದರೆ ಇಳಿದು ಬರುವುದು. ಮತ್ಸ್ಯದ ಸಂತತಿ ಕೂರ್ಮವಾಗಲಿಲ್ಲ. ಪ್ರತಿಯೊಂದರಲ್ಲೂ ಇಳಿದು ಬಂದವನು ಒಬ್ಬನೇ ಮತ್ತು ಪೂರ್ಣನೇ ಎಂಬುದು ಭಕ್ತರ ನಿಲುವು. ಉಡುಪಿಯ ಮಾಧ್ವ ಸಂಪ್ರದಾಯವಂತೂ ಅವತಾರಗಳಲ್ಲಿ ತಾರತಮ್ಯವನ್ನೇ ಒಪ್ಪುವುದಿಲ್ಲ. ಹಾಗಿರುವಾಗ ಈ ಹೋಲಿಕೆಯಿಂದ ವಿಜ್ಞಾನಕ್ಕೂ ನ್ಯಾಯ ಸಲ್ಲುವುದಿಲ್ಲ, ಶಾಸ್ತ್ರಕ್ಕೂ ಸಲ್ಲುವುದಿಲ್ಲ. ಪ್ರೀತಿಯಿಂದ ಈ ಮಾತು ಹೇಳುವವರಿಗೆ ಅಷ್ಟೇ ಪ್ರೀತಿಯಿಂದ ಇದನ್ನು ವಿವರಿಸಿ.

‘ನಿಸರ್ಗದ ಆಯ್ಕೆ’ ಎಂದಾಗ ಆಯ್ಕೆ ಮಾಡುವವರು ಯಾರೋ ಇದ್ದಾರೆಂದು ಕೇಳಿಸುತ್ತದೆ. ಮಲೇರಿಯದ ಕಾಟವನ್ನು ಬಲ್ಲ ಮಂಗಳೂರಿನವರಿಗೆ ಈ ಉದಾಹರಣೆ ಹಿಡಿಸಬಹುದು. ಕುಡಗೋಲು ಕಣ ಕಾಯಿಲೆಗೆ ಕಾರಣವಾಗುವ ವಂಶವಾಹಿಯ ಒಂದು ಪ್ರತಿ ಮಾತ್ರ ಇದ್ದವರು ಫಾಲ್ಸಿಪಾರಂ ಎಂಬ ಕಠಿಣ ಮಲೇರಿಯದಿಂದ ಸಾಯುವುದು ಕಡಿಮೆ. ಎರಡು ಪ್ರತಿಗಳಿದ್ದವರಿಗೆ ಕಾಯಿಲೆ ಬರುತ್ತದೆ. ಆ ಮಲೇರಿಯ ಹೆಚ್ಚಾಗಿರುವ ಪ್ರದೇಶಗಳಲ್ಲಿ ತಲೆಮಾರುಗಳು ಕಳೆದಂತೆ ಒಂದು ಪ್ರತಿಯವರ ಮಕ್ಕಳು ಹೆಚ್ಚು ಉಳಿದು, ಆ ವಂಶವಾಹಿಯೂ ಹೆಚ್ಚಾಗಿ ಉಳಿಯಿತು. ಆಯ್ಕೆ ಎಂದರೆ ಇಷ್ಟೇ. ‘ಆಕಸ್ಮಿಕ’ ಎಂಬುದು ವಂಶವಾಹಿಯಲ್ಲಿ ಬದಲಾವಣೆ ಹುಟ್ಟುವ ಘಟ್ಟಕ್ಕೆ ಮಾತ್ರ ಅನ್ವಯಿಸುವ ಪದ. ಆ ಬದಲಾವಣೆ ಜೀವಿಯ ಅಗತ್ಯವನ್ನು ನೋಡಿ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಯಾವುದು ಉಳಿಯುತ್ತದೆ ಎಂಬ ಘಟ್ಟ ಆಕಸ್ಮಿಕವಲ್ಲ. “ಎಲ್ಲವೂ ಆಕಸ್ಮಿಕವೆಂದು ವಿಜ್ಞಾನ ಹೇಳುತ್ತದೆ” ಎಂಬ ಮಾತನ್ನು ಎರಡೂ ಪಕ್ಷದವರಿಂದ ಕೇಳಿದ್ದೇನೆ; ಎರಡೂ ಕಡೆ ಅದು ತಪ್ಪೇ.

ಹಂತ 5: ವಾದ, ಸಿದ್ಧಾಂತ, ಥಿಯರಿ, ನಂಬಿಕೆ

“ಅದು ಬರೀ ಥಿಯರಿ” ಎನ್ನುವಾಗ ನಮ್ಮ ಮಕ್ಕಳ ಮನಸ್ಸಿನಲ್ಲಿರುವುದು ಥಿಯರಿ ಪರೀಕ್ಷೆ ಮತ್ತು ಪ್ರಾಕ್ಟಿಕಲ್ ಪರೀಕ್ಷೆ. ದೊಡ್ಡವರ ಮನಸ್ಸಿನಲ್ಲಿರುವುದು ಊಹೆ. ‘ವಿಕಾಸವಾದ’ ಎಂದಾಗ ಯಾರೋ ಒಬ್ಬರು ಮಾಡಿದ ವಾದ ಎಂದು ತೋರುತ್ತದೆ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದವಿದೆ: ಸಿದ್ಧಾಂತ. ಉಡುಪಿಯ ರಥಬೀದಿಯ ಸುತ್ತ ವಾಕ್ಯಾರ್ಥ, ಅಂದರೆ ವಿದ್ವಾಂಸರ ಶಾಸ್ತ್ರಚರ್ಚೆ, ಕೇಳಿದವರಿಗೆ ಪೂರ್ವಪಕ್ಷವನ್ನು (ಎದುರಿನವರ ವಾದವನ್ನು) ಎದುರಿಗಿಟ್ಟು, ಆಕ್ಷೇಪಗಳಿಗೆ ಉತ್ತರ ಕೊಟ್ಟು, ಕೊನೆಗೆ ನಿಲ್ಲುವುದೇ ಸಿದ್ಧಾಂತ ಎಂಬುದು ಗೊತ್ತು. ವಿಜ್ಞಾನದ ಸಿದ್ಧಾಂತವೂ ಪರೀಕ್ಷೆಗಳನ್ನು ಹಾದು ನಿಂತದ್ದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಮಾಚಬೇಡಿ: ವಿಜ್ಞಾನದ್ದು ಹೊಸ ಸಾಕ್ಷ್ಯ ಬಂದಾಗ ತಿದ್ದುಪಡಿಗೆ ತೆರೆದಿರುತ್ತದೆ. ಲಕ್ಷಣಗಳು ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಬಗೆಯ ಬಗ್ಗೆ ಡಾರ್ವಿನ್ನನ ವಿವರಣೆ ತಪ್ಪಾಗಿತ್ತು. ಮೆಂಡೆಲ್ ಕಂಡ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ಆ ಭಾಗ ಬದಲಾಯಿತು.

“ನೀವು ಡಾರ್ವಿನ್ನನನ್ನು ನಂಬುತ್ತೀರಾ?” ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡನ್ನೂ ಹೇಳಬೇಡಿ. ದೈವವನ್ನು ನಂಬುವ ನಾಡಿನಲ್ಲಿ ನಂಬಿಕೆ ತೂಕವುಳ್ಳ ಪದ. ಹರಕೆ, ಕೃತಜ್ಞತೆ, ಕುಟುಂಬದ ಕಟ್ಟುಪಾಡು ಎಲ್ಲವೂ ಅದರೊಳಗಿವೆ. ಪಳೆಯುಳಿಕೆಯ ವಯಸ್ಸನ್ನು ಯಾರೂ ಹಾಗೆ ನಂಬಬೇಕಾಗಿಲ್ಲ. “ಸಾಕ್ಷ್ಯವನ್ನು ನೋಡಿ ಒಪ್ಪಿದ್ದೇನೆ” ಎನ್ನಿ. ಮಾಧ್ವರು ಹೇಳುವ ಪ್ರತ್ಯಕ್ಷ (ನೇರವಾಗಿ ಕಂಡದ್ದು), ಅನುಮಾನ (ಗುರುತಿನಿಂದ ತರ್ಕಿಸಿ ತಿಳಿದದ್ದು), ಆಗಮ (ಶಾಸ್ತ್ರವಾಕ್ಯ) ಎಂಬ ಮೂರು ಪ್ರಮಾಣಗಳನ್ನು ಇಲ್ಲಿ ನೆನೆಯಬಹುದು: ವಿಕಾಸದ ಹೇಳಿಕೆಗಳು ಮೊದಲ ಎರಡರ ಮೇಲೆ ನಿಂತಿವೆ. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು, ಕಪಿ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ಕಂಡದ್ದಾಗಿ ಹೇಳಿಲ್ಲ ಎಂದಾಗ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದವು. ಕಣ್ಣಿಗೆ ಕಂಡದ್ದು ಮಾತ್ರ ಪ್ರಮಾಣವೆಂದರೆ ಹೊಗೆಯಿಂದ ಬೆಂಕಿಯನ್ನು ತಿಳಿಯುವ ಅನುಮಾನವನ್ನೇ ಕೈಬಿಡಬೇಕಾಗುತ್ತದೆ, ಅದಕ್ಕೆ ನಮ್ಮ ತರ್ಕಶಾಸ್ತ್ರ ಎಂದೂ ಒಪ್ಪಿಲ್ಲ.

ಹಂತ 6: ‘ಮೈಟೊಕಾಂಡ್ರಿಯದ ಹವ್ವ’ಳನ್ನು ಬಳಿಯ ಲೆಕ್ಕದಲ್ಲಿ ಅರ್ಥಮಾಡಿಕೊಳ್ಳಿ

1987ರಲ್ಲಿ ರೆಬೆಕ್ಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಎಂಬ ಮೂವರು 147 ಜನರ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹೋಲಿಸಿ, ಅವೆಲ್ಲವೂ ಸುಮಾರು 2 ಲಕ್ಷ ವರ್ಷಗಳ ಹಿಂದೆ, ಬಹುಶಃ ಆಫ್ರಿಕದಲ್ಲಿ ಬದುಕಿದ್ದ ಒಬ್ಬ ಸ್ತ್ರೀಯಿಂದ ಬಂದವೆಂದು ತೋರಿಸಿದರು. ಮೈಟೊಕಾಂಡ್ರಿಯ ಎಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಕಣ; ಅದರಲ್ಲಿ ತನ್ನದೇ ಆದ ಚಿಕ್ಕ ಡಿಎನ್‌ಎ ಇದೆ, ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಆ ಲೇಖನದ ಶೀರ್ಷಿಕೆಯಲ್ಲಿ ಹವ್ವ ಎಂಬ ಹೆಸರಿಲ್ಲ. ಹೆಸರನ್ನು ಹಬ್ಬಿಸಿದ್ದು ಪತ್ರಿಕೆಗಳು. ಅಂದಿನಿಂದ ಬೈಬಲ್ಲಿನ ಮತ್ತು ಕುರ್‌ಆನಿನ ಆದಿದಂಪತಿಗಳಿಗೆ ವಿಜ್ಞಾನವೇ ಸಾಕ್ಷಿ ಹೇಳಿತೆಂಬ ಮಾತು ನಡೆದುಬಂದಿದೆ.

ಇದನ್ನು ತುಳುನಾಡಿನವರಿಗೆ ವಿವರಿಸುವಷ್ಟು ಸುಲಭವಾಗಿ ಬೇರೆಲ್ಲಿಯೂ ವಿವರಿಸಲಾಗದೆಂದು ನನಗೆ ಅನ್ನಿಸುತ್ತದೆ. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಮಗನಿಗೂ ಮಗಳಿಗೂ ತಾಯಿಯ ಬಳಿ ಸಿಕ್ಕರೂ, ಮುಂದಕ್ಕೆ ಕೊಂಡೊಯ್ಯುವವಳು ಮಗಳೇ. ಮಗನ ಮಕ್ಕಳು ಅವರ ತಾಯಿಯ ಬಳಿಗೆ ಸೇರುತ್ತಾರೆ. ಒಬ್ಬಾಕೆಗೆ ಗಂಡುಮಕ್ಕಳು ಮಾತ್ರ ಇದ್ದರೆ ಅವಳ ಸಾಲಿನಲ್ಲಿ ಬಳಿ ನಿಲ್ಲುತ್ತದೆ, ಆದರೆ ಸಂತತಿ ನಿಲ್ಲುವುದಿಲ್ಲ. ಅವಳಿಗೆ ನೂರು ಮರಿಮಕ್ಕಳಿರಬಹುದು, ಅವರಲ್ಲಿ ಒಬ್ಬರೂ ಅವಳ ಬಳಿಯವರಾಗಿರುವುದಿಲ್ಲ. ಹೀಗೆ ಸಾವಿರಾರು ತಲೆಮಾರುಗಳಲ್ಲಿ ಒಂದೊಂದೇ ಬಳಿ ನಿಂತುಹೋಗಿ ಕೊನೆಗೆ ಎಲ್ಲರೂ ಒಂದೇ ಬಳಿಯವರಾಗಿ ಉಳಿದರೆ, ಆ ಬಳಿಯ ಮೂಲಸ್ತ್ರೀ ‘ಮೈಟೊಕಾಂಡ್ರಿಯದ ಹವ್ವ’. ಅವಳ ಕಾಲದಲ್ಲಿ ಅವಳ ಸುತ್ತ ಸಾವಿರಾರು ಗಂಡಸರೂ ಹೆಂಗಸರೂ ಇದ್ದರು. ಅವರಲ್ಲಿ ಅನೇಕರು ಇಂದಿನ ನಮ್ಮ ಪೂರ್ವಜರೂ ಹೌದು. ಅವಳು ಮೊದಲ ಹೆಂಗಸಲ್ಲ, ಅವಳಿಗೂ ತಾಯಿಯಿದ್ದಳು.

ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವಿನ ಲೆಕ್ಕ ಗೋತ್ರದಂತೆ. ಅದರ ಮೂಲಪುರುಷನಿಗೆ ‘ವೈ ಆದಮ್’ ಎಂದು ಹೆಸರಿಟ್ಟರು. ಇವರಿಬ್ಬರೂ ದಂಪತಿಗಳೆಂದು ಭಾವಿಸಲು ಯಾವ ಆಧಾರವೂ ಇಲ್ಲ. ಇಬ್ಬರ ಕಾಲಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಲಾಗುತ್ತದೆ. 2013ರಲ್ಲಿ ಆಫ್ರಿಕ ಮೂಲದ ಅಮೆರಿಕನ್ನನೊಬ್ಬನಲ್ಲಿ ಅದುವರೆಗೆ ಕಾಣದಿದ್ದ ಹಳೆಯ ವೈ ವರ್ಣತಂತು ಸಿಕ್ಕಾಗ ಆ ‘ಆದಮ್’ನ ಕಾಲವೇ ಬಹಳ ಹಿಂದಕ್ಕೆ ಸರಿಯಿತು. ಧರ್ಮಗ್ರಂಥದ ಆದಮ್ ಒಬ್ಬ ವ್ಯಕ್ತಿ. ಇದು ಲೆಕ್ಕದ ಮೇಲೆ ಕೊಡುವ ಬಿರುದು, ಲೆಕ್ಕ ಬದಲಾದರೆ ಬಿರುದು ಬೇರೊಬ್ಬನಿಗೆ ಹೋಗುತ್ತದೆ. ಬಳಿ ಸಮಾಜ ಕೊಟ್ಟ ಗುರುತು, ಡಿಎನ್‌ಎ ದೇಹದಲ್ಲಿರುವ ವಸ್ತು ಎಂಬ ವ್ಯತ್ಯಾಸವನ್ನೂ ಹೇಳಿಬಿಡಿ; ಇಲ್ಲವಾದರೆ ಯಾರಾದರೂ ತಮ್ಮ ಬಳಿಗೆ ಡಿಎನ್‌ಎ ಪರೀಕ್ಷೆ ಮಾಡಿಸಲು ಹೊರಟಾರು.

ಹಂತ 7: ಅಂಕಿಗಳನ್ನು ಲಕ್ಷ, ಕೋಟಿಗೆ ಸರಿಯಾಗಿ ತನ್ನಿ

1 ಮಿಲಿಯನ್ ಎಂದರೆ 10 ಲಕ್ಷ, 1 ಬಿಲಿಯನ್ ಎಂದರೆ 100 ಕೋಟಿ. ಅನುವಾದಗಳಲ್ಲಿ ಮಿಲಿಯನ್ನನ್ನು ಲಕ್ಷವೆಂದೇ ಬರೆಯುವ ತಪ್ಪು ಕಾಣಸಿಗುತ್ತದೆ. ಇಥಿಯೋಪಿಯದ ಹದಾರ್‌ನಲ್ಲಿ 1974ರಲ್ಲಿ ಸಿಕ್ಕ, ‘ಲೂಸಿ’ ಎಂದು ಹೆಸರಾದ ಮಾನವವಂಶದ ಪಳೆಯುಳಿಕೆಯ ವಯಸ್ಸು 32 ಲಕ್ಷ ವರ್ಷ, 3.2 ಲಕ್ಷವಲ್ಲ. ನಮ್ಮದೇ ಪ್ರಭೇದದ, ಅಂದರೆ ಹೋಮೊ ಸೇಪಿಯನ್ಸ್‌ನ, ಇದುವರೆಗಿನ ಅತಿ ಹಳೆಯ ಪಳೆಯುಳಿಕೆಗಳೆಂದು ಹಲವರು ಒಪ್ಪುವ ಮೊರಾಕ್ಕೊದ ಜೆಬೆಲ್ ಇರ್ಹೂದ್‌ನ ಎಲುಬುಗಳದು ಸುಮಾರು 3 ಲಕ್ಷ ವರ್ಷ. ಒಂದು ಸೊನ್ನೆ ತಪ್ಪಿದರೂ ಇವೆರಡು ಒಂದೇ ಕಾಲದವಾಗುತ್ತವೆ.

ಇನ್ನೊಂದು ತಪ್ಪು ‘ಕಾರ್ಬನ್ ಡೇಟಿಂಗ್’ ಎಂಬ ಪದದ್ದು. ಯಾವ ಹಳೆಯ ವಸ್ತುವಿನ ವಯಸ್ಸನ್ನು ಹೇಳಿದರೂ ಅದು ಕಾರ್ಬನ್ ಡೇಟಿಂಗ್ ಎಂದು ಜನ ತಿಳಿಯುತ್ತಾರೆ. ಕಾರ್ಬನ್ 14ರ ಅರ್ಧಾಯುಷ್ಯ, ಅಂದರೆ ಅದರ ಅರ್ಧಭಾಗ ಕರಗಿಹೋಗಲು ಬೇಕಾದ ಕಾಲ, 5,730 ವರ್ಷ. ಆದ್ದರಿಂದ ಸುಮಾರು 50 ಸಾವಿರ ವರ್ಷಗಳಾಚೆಗೆ ಆ ವಿಧಾನ ಕೆಲಸಕ್ಕೆ ಬಾರದು. ಲೂಸಿಯ ವಯಸ್ಸನ್ನು ತಿಳಿದದ್ದು ಅವಳಿದ್ದ ಪದರದ ಜ್ವಾಲಾಮುಖಿಯ ಬೂದಿಯಲ್ಲಿನ ಆರ್ಗಾನ್ ಅನಿಲವನ್ನು ಅಳೆದು. ಈ ವಿಧಾನವೇನೂ ನಮಗೆ ದೂರದ್ದಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಬಂಡೆಗಳೂ ಜ್ವಾಲಾಮುಖಿಯಿಂದ ಆದವು. ಅವು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು, ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ಹಳೆಯವು ಎಂಬುದನ್ನು ತಿಳಿಯುವುದರಲ್ಲಿ ಆರ್ಗಾನ್ ವಿಧಾನಕ್ಕೂ ಪಾಲಿದೆ.

ಕಲ್ಪವೊಂದಕ್ಕೆ 432 ಕೋಟಿ ವರ್ಷ, ಭೂಮಿಯ ವಯಸ್ಸು 454 ಕೋಟಿ ವರ್ಷ. ಅಂಕಿಗಳು ಹತ್ತಿರವಿವೆ ಎಂದು ಹೆಮ್ಮೆಪಡುವವರಿದ್ದಾರೆ. ಕಲ್ಪ ಬ್ರಹ್ಮನ ಒಂದು ಹಗಲು, ಅದು ಬಂಡೆಯನ್ನು ಅಳೆದು ಪಡೆದ ಸಂಖ್ಯೆಯಲ್ಲ. ಒಂದು ಅಂಕಿ ಹತ್ತಿರ ಬಂದುದನ್ನು ಸಾಕ್ಷ್ಯವೆಂದರೆ, ದೂರ ಉಳಿದ ಉಳಿದೆಲ್ಲ ಅಂಕಿಗಳನ್ನೂ ಸಾಕ್ಷ್ಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಂತ 8: ‘ಕಳಚಿದ ಕೊಂಡಿ’ಯನ್ನು ಹುಡುಕಬೇಡಿ

ಕಪಿಗೂ ಮನುಷ್ಯನಿಗೂ ನಡುವೆ ಇದ್ದು ಇನ್ನೂ ಸಿಗದ ಜೀವಿ ಎಂಬ ಅರ್ಥದಲ್ಲಿ ಜನ ‘ಕಳಚಿದ ಕೊಂಡಿ’ ಎನ್ನುತ್ತಾರೆ. ಕೊಂಡಿ ಎಂದಾಗ ಸರಪಳಿ ಕಣ್ಣಿಗೆ ಬರುತ್ತದೆ. ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೆ ಎಲ್ಲವೂ ಬಿದ್ದುಹೋಗುತ್ತದೆ. ಮರದ ಚಿತ್ರ ಇದಕ್ಕಿಂತ ಮೇಲು, ಹೊಳೆಯ ಚಿತ್ರ ಇನ್ನೂ ಮೇಲು. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುವಂತೆ, ಬೇರೆಯಾದ ಮಾನವ ಕವಲುಗಳು ಮತ್ತೆ ಬೆರೆತದ್ದೂ ಉಂಟು. 2010ರಲ್ಲಿ ಸ್ವಾಂಟೆ ಪಾಬೊ ಅವರ ತಂಡ ನಿಯಾಂಡರ್ತಲ್ ಡಿಎನ್‌ಎಯ ಕರಡು ನಕ್ಷೆಯನ್ನು ಪ್ರಕಟಿಸಿದಾಗ, ಆಫ್ರಿಕದ ಹೊರಗಿನ ಜನರಲ್ಲಿ ಅವರ ಅಂಶ ಉಳಿದಿರುವುದು ಗೊತ್ತಾಯಿತು. ಇಂದಿನ ಅಂದಾಜಿನಂತೆ ಅದು ಶೇಕಡ 1ರಿಂದ 2ರಷ್ಟು. ನಮ್ಮ ಜಿಲ್ಲೆಗಳ ಎಲ್ಲ ಜಾತಿ, ಎಲ್ಲ ಮತಗಳವರಿಗೂ ಇದು ಅನ್ವಯಿಸುತ್ತದೆ. ಇಲ್ಲಿ ‘ಜಾತಿ’ ಎಂಬ ಪದವನ್ನು ಜೀವಿಗಳಿಗೆ ಬಳಸದೆ ‘ಪ್ರಭೇದ’ ಎಂದು ಹೇಳುವುದು ಅಗತ್ಯ. ಇಂದು ಬದುಕಿರುವ ಮನುಷ್ಯರೆಲ್ಲ ಒಂದೇ ಪ್ರಭೇದ.

ಪಿಲ್ಟ್‌ಡೌನ್ ಮೋಸವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. 1912ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕೊಂಡಿಯೆಂದು ಮಂಡಿಸಿದ ಆ ಎಲುಬುಗಳಲ್ಲಿ ತಲೆಬುರುಡೆ ಮನುಷ್ಯನದು, ದವಡೆ ಒರಾಂಗುಟಾನ್‌ನದು. ಅದು ಬಯಲಾದದ್ದು 1953ರಲ್ಲಿ. ಮೋಸ ನಡೆದದ್ದನ್ನು ಒಪ್ಪಿ. ನಲವತ್ತೊಂದು ವರ್ಷ ಅದು ನಿಂತಿತ್ತೆಂಬುದನ್ನೂ ಒಪ್ಪಿ. ಬಯಲುಮಾಡಿದವರು ವಿಜ್ಞಾನಿಗಳೇ, ಎಲುಬಿನಲ್ಲಿರುವ ಫ್ಲೋರಿನ್ ಅಳೆದು ಅನುಮಾನ ಹುಟ್ಟಿಸಿದವರೂ ಅವರೇ ಎಂಬುದನ್ನು ಆಮೇಲೆ ಹೇಳಿ.

ಹಂತ 9: ಎದುರಿನವರ ಧರ್ಮ ಏನು ಹೇಳುತ್ತದೆಂದು ಅವರನ್ನೇ ಕೇಳಿ

ಅಮೆರಿಕದ ಕೆಲವು ಪ್ರೊಟೆಸ್ಟಂಟ್ ಪಂಗಡಗಳು ಭೂಮಿಗೆ ಹತ್ತು ಸಾವಿರ ವರ್ಷವೂ ಆಗಿಲ್ಲ ಎನ್ನುತ್ತವೆ. ಆ ಮಾತನ್ನು ಮಂಗಳೂರಿನ ಕೆಥೊಲಿಕರ ಮೇಲೆ ಹೊರಿಸುವುದು ಅನ್ಯಾಯ. 1950ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಪತ್ರವೊಂದರಲ್ಲಿ ಮನುಷ್ಯದೇಹದ ವಿಕಾಸದ ಬಗ್ಗೆ ವಿದ್ವಾಂಸರು ವಿಚಾರಿಸಬಹುದೆಂದು ಹೇಳಿ, ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆಂಬುದನ್ನು ಉಳಿಸಿಕೊಂಡರು; 1996ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ವಿಕಾಸ ಸಿದ್ಧಾಂತವು ಊಹೆಯ ಮಟ್ಟವನ್ನು ದಾಟಿದೆಯೆಂದು ಒಪ್ಪಿದರು. 1950ರ ಪತ್ರವೇ ಎಲ್ಲ ಮನುಷ್ಯರೂ ಒಬ್ಬ ಆದಮನಿಂದ ಬಂದರೆಂಬುದನ್ನು ಬಿಟ್ಟುಕೊಡಲಿಲ್ಲ ಎಂಬುದೂ ನಿಮಗೆ ಗೊತ್ತಿರಲಿ. ನಿಜವಾದ ಭಿನ್ನಾಭಿಪ್ರಾಯ ಇರುವುದು ಅಲ್ಲಿ. ಮುಸ್ಲಿಂ ವಿದ್ವಾಂಸರಲ್ಲಿ ವಿಕಾಸವನ್ನು ಪೂರ್ತಿ ನಿರಾಕರಿಸುವವರಿದ್ದಾರೆ, ಇತರ ಜೀವಿಗಳಿಗೆ ಒಪ್ಪಿ ಆದಮರನ್ನು ಮಾತ್ರ ಪ್ರತ್ಯೇಕ ಸೃಷ್ಟಿ ಎನ್ನುವವರಿದ್ದಾರೆ, ಪೂರ್ತಿ ಒಪ್ಪುವವರೂ ಇದ್ದಾರೆ. ಮೂಡುಬಿದಿರೆಯ ಜೈನರೊಡನೆ ಸೃಷ್ಟಿಕರ್ತನ ಬಗ್ಗೆ ವಾದಿಸಲು ಹೋದರೆ, ಜಗತ್ತು ಅನಾದಿ, ಅದಕ್ಕೆ ಸೃಷ್ಟಿಕರ್ತನಿಲ್ಲ ಎಂದು ಅವರೇ ಹೇಳುತ್ತಾರೆ. ಮಧ್ವಮತದಲ್ಲಿ ಜೀವ ಅನಾದಿ. ಹುಟ್ಟು ಎಂದರೆ ಜೀವಕ್ಕೆ ದೇಹದ ಸಂಬಂಧ ಆಗುವುದು. ಹಾಗಾದರೆ ದೇಹಗಳ ವಂಶಾವಳಿಯನ್ನು ಹೇಳುವ ಶಾಸ್ತ್ರ ಜೀವದ ಮೂಲದ ಬಗ್ಗೆ ಅವರೊಡನೆ ಜಗಳಕ್ಕೆ ನಿಂತಿಲ್ಲ. ‘ಮಾನವ’ ಎಂಬ ಪದವನ್ನೂ ಇಲ್ಲಿ ಒಮ್ಮೆ ಬಿಡಿಸಿಕೊಳ್ಳಿ. ಮನುವಿನ ಸಂತತಿ ಎಂಬುದು ಅದರ ವ್ಯುತ್ಪತ್ತಿ, ಉರ್ದುವಿನ ‘ಆದ್ಮಿ’ಯಲ್ಲಿ ಆದಮ್ ಇದ್ದಂತೆ. ‘ಜಾವಾ ಮಾನವ’ ಎಂದಾಗ ಶಾಸ್ತ್ರ ಓದಿದವರು “ಇವನೂ ಮನುವಿನ ಮಗನೇ?” ಎಂದು ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ, ಅಲ್ಲಿ ‘ಮಾನವ’ ಎಂದರೆ ಹೋಮೊ ಎಂಬ ಕುಲದ ಒಂದು ಜೀವಿ ಎಂದಷ್ಟೇ ಎಂದು ಹೇಳಿ.

ಮಾತು ಬೆಳೆದಂತೆ ಕೆಲವು ಪ್ರಶ್ನೆಗಳು ಉಳಿಯುತ್ತವೆ: ಆತ್ಮ ದೇಹಕ್ಕೆ ಯಾವಾಗ ಬಂತು, ಪಾಪ ಎಂದು ಶುರುವಾಯಿತು, ಮನುಷ್ಯಜನ್ಮ ಏಕೆ ದೊಡ್ಡದು. ಇವುಗಳಿಗೆ ಪಳೆಯುಳಿಕೆಯಲ್ಲಿ ಉತ್ತರ ಹುಡುಕಬೇಡಿ, ಇಲ್ಲವೆಂದು ತಳ್ಳಿಹಾಕಲೂ ಬೇಡಿ. ಪುಸ್ತಕದ ಕೊನೆಗೆ ಬಿಟ್ಟಿದ್ದ ಖಾಲಿ ಹಾಳೆಗಳಲ್ಲಿ, ಕೇಳಿದವರ ಮಾತಿನಲ್ಲೇ ಬರೆದುಕೊಂಡು, ಬರೆದದ್ದು ಸರಿಯಾಗಿದೆಯೇ ಎಂದು ಅವರಿಗೆ ಓದಿ ಹೇಳಿ.